ಹನ್ನೊಂದು ವರ್ಷದವಳ ಫೋನು

ಗಿರ್ಗಾ,
೧೪ ಅಕ್ಟೋಬರ್, ಮಂಗಳವಾರ

ಹಾಜಿಮನ ತಂದೆಯವರಿಗೆ,

ಕುವೈತಿನ ಸೆಕೆ ಈಗಲಾದರೂ ಇಳಿದಿದೆಯೇ? ಬೆನ್ನುನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಹಿಡಿದುಕೊಳ್ಳುತ್ತದೆಯೇ? ಹಚ್ಚಿಕೊಳ್ಳಲು ಎಳ್ಳೆಣ್ಣೆ, ಹಿಟ್ಟನ್ನು ಬಿಸಿಲಲ್ಲಿ ಹುದುಗಿಸಿ ಸುಟ್ಟ ಆರು ರೊಟ್ಟಿ ಮತ್ತು ಒಣಗಿಸಿದ ಬೆಂಡೆಕಾಯಿಯನ್ನು ಅಲ್ಲಿಗೇ ಹೊರಟಿರುವ ಎದುರುಮನೆಯ ಅಯ್ಯಾದರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ರೊಟ್ಟಿಯನ್ನೆಲ್ಲ ರೂಮಿನವರಿಗೆ ಹಂಚಿ ನೀವು ಬೆರಳು ನೆಕ್ಕುತ್ತಾ ಕೂರಬೇಡಿ. ನಾವು ಮೂವರೂ ಆರೋಗ್ಯವಾಗಿದ್ದೇವೆ. ರಿಹಾಬಳ ಹಲ್ಲುನೋವು ವಾಸಿಯಾಗಿದೆ. ಹಾಜಿಮ್ ನನಗಿಂತ ಒಂದು ಗೇಣು ಎತ್ತರವಾಗಿದ್ದಾನೆ, ಮಾತು ಮಾತ್ರ ಅರ್ಧಕ್ಕಿಳಿದಿದೆ.

ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಗಬೇಡಿ. ಫೋನಿನಲ್ಲಿ ಹೇಳಹೊರಟಾಗಲೆಲ್ಲ ನೀವು ಕೆಲಸವಿದೆ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ನಡುವೆ ಇಟ್ಟುಬಿಡಲು ಆಗುವುದಿಲ್ಲ.

ಹಬ್ಬದ ರಜೆಗೆ ಬಂದಿದ್ದಾಗ ನಮ್ಮ ಮೂರೂ ಫೋನುಗಳನ್ನು ಎತ್ತಿಕೊಂಡು ಸ್ಟೇಷನ್ ರಸ್ತೆಯ ಅಂಗಡಿಗೆ ಹೋದಿರಲ್ಲ, ಅಲ್ಲಿಂದ ಶುರುವಾಯಿತು. ಮಕ್ಕಳು ಕೆಟ್ಟದ್ದು ನೋಡದಂತೆ ಬೀಗ ಹಾಕಿಸುತ್ತೇನೆ ಎಂದಿರಿ. ನಾನೂ ಒಳ್ಳೆಯದೇ ಆಯಿತು ಅಂದುಕೊಂಡೆ. ಅಲ್ಲಿ ಏನು ನಡೆಯಿತೆಂದು ಆಮೇಲೆ ಅಂಗಡಿಯವನೇ ನನಗೆ ಹೇಳಿದ. ಮೂರನೆಯ ಫೋನು ಯಾರದು, ಹೆಸರೇನು, ವಯಸ್ಸೆಷ್ಟು ಎಂದು ಆತ ಕೇಳಿದ. ಅಂಗಡಿಯಲ್ಲಿ ನಾಲ್ಕು ಜನ ಗಂಡಸರು ನಿಂತಿದ್ದರು. ಅವರ ಮುಂದೆ ಹೆಂಡತಿಯ ಹೆಸರು ಹೇಳುವುದುಂಟೇ? ನಿಮ್ಮಪ್ಪ ಹೇಳಿದವರಲ್ಲ, ನನ್ನಪ್ಪನೂ ಹೇಳಿದವರಲ್ಲ. ಹಾಗಾಗಿ ಮಗಳ ಹೆಸರನ್ನೇ ಎರಡು ಸಲ ಬರೆಸಿ, ವಯಸ್ಸು ಹನ್ನೊಂದು ಎಂದು ಹೇಳಿ, ದುಡ್ಡು ಕೊಟ್ಟು ಬಂದಿರಿ. ಮೂವತ್ತೆಂಟು ತುಂಬಿದ ನಾನು ಅಂದಿನಿಂದ ಹನ್ನೊಂದರ ಹುಡುಗಿ.

ಮೊದಮೊದಲು ನನಗೂ ನಗು ಬರುತ್ತಿತ್ತು. ನೀವಂತೂ "ಪುಣ್ಯ ಮಾಡಿದ್ದೀಯ ಕಣೆ, ಎಲ್ಲರಿಗೂ ವಯಸ್ಸಾದರೆ ನಿನಗೆ ಇಳೀತಾ ಇದೆ" ಎಂದು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿರಿ. ಸರಿಮಾಡಿಸೋಣವೆಂದು ಅಂಗಡಿಗೆ ಹೋದರೆ ಆತ "ಗುಟ್ಟಿನ ನಂಬರು ಯಜಮಾನರ ಹತ್ರ ಇದೆ, ಹಾಜಿಮನ ತಾಯಿ. ಇಲ್ಲಾಂದ್ರೆ ಇನ್ನೇಳು ವರ್ಷ ಕಾಯಿರಿ, ತಾನಾಗೇ ಬಿಟ್ಟುಕೊಳ್ಳುತ್ತೆ" ಎಂದ. ನಿಮ್ಮನ್ನು ಕೇಳಿದೆ. ರಜೆಗೆ ಬಂದಾಗ ನೋಡೋಣ ಎಂದಿರಿ. ಹಾಜಿಮ್ ಮೂರನೆಯ ದಿನವೇ ಪಕ್ಕದ ಮನೆಯ ವೈಫೈ ಹಿಡಿದು, ಯಾರದೋ ಹಳೆಯ ಫೋನು ತಂದು, ತನಗೆ ಬೇಕಾದ್ದನ್ನೆಲ್ಲ ನೋಡುತ್ತಿದ್ದಾನೆ. ಬೇಲಿ ಹಾಕಿದ್ದು ಅವನಿಗೆ, ಒಳಗೆ ಉಳಿದದ್ದು ನಾನು.

ಅಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ, ಅದು ಏನಿರಬಹುದು, ಯಾವ ಡಾಕ್ಟರ ಬಳಿ ಹೋಗಬೇಕು ಎಂದು ಫೋನಿನಲ್ಲಿ ಹುಡುಕಿದೆ. ಇದು ನಿನ್ನ ವಯಸ್ಸಿಗೆ ತಕ್ಕದ್ದಲ್ಲ, ದೊಡ್ಡವರನ್ನು ಕೇಳು ಎಂದು ಬಂತು. ಆ ದಿನ ಅಡುಗೆಮನೆಯಲ್ಲಿ ಕುಳಿತು ಅತ್ತೆ. ನಿಮಗೆ ಹೇಳಲಿಲ್ಲ, ನಾಚಿಕೆಯಾಯಿತು.

ಸೆಪ್ಟೆಂಬರಿನ ಮೊದಲ ಗುರುವಾರ ಶಾಕಿರಣ್ಣ ಕಿನಾದಿಂದ ತಾನೇ ಬಂದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದ. ಬಸ್ಸಿನಲ್ಲಿ ಅವನ ಫೋನು ಕಳುವಾಗಿತ್ತು. ಇದ್ದಬದ್ದ ನಂಬರೆಲ್ಲ ಅದರ ಜೊತೆಯೇ ಹೋಗಿ, ನನ್ನದೊಂದೇ ಅವನಿಗೆ ಬಾಯಿಪಾಠವಿತ್ತು. "ಈಗ ವಾರ್ಡಿನೊಳಗೆ ಯಾರನ್ನೂ ಬಿಡ್ತಿಲ್ಲ ತಂಗಿ. ಬಿಟ್ಟ ತಕ್ಷಣ ಫೋನ್ ಮಾಡ್ತೀನಿ, ಹೊರಟುಬಿಡು" ಎಂದು ಹೊಸ ನಂಬರು ಬರೆದುಕೊಟ್ಟು ಹೋದ. ನೀವು ಒಪ್ಪಿದ ನಂಬರುಗಳು ಮಾತ್ರ ನನ್ನ ಫೋನಿನಲ್ಲಿ ರಿಂಗಾಗುತ್ತವೆ, ಉಳಿದವು ನಿಮ್ಮ ಫೋನಿನಲ್ಲಷ್ಟೇ ಕಾಣುತ್ತವೆ. ಅದಕ್ಕೇ ಅಣ್ಣನ ಹೊಸ ನಂಬರು ಒಪ್ಪಿಕೊಳ್ಳಿ ಎಂದು ಆಗಲೇ ಕಳುಹಿಸಿದೆ. ಶುಕ್ರವಾರ ಮತ್ತೆ ಕೇಳಿದೆ. "ಆಯ್ತು ಮಾರಾಯ್ತಿ, ನೋಡ್ತೀನಿ" ಎಂದಿರಿ. ಒಪ್ಪಿಗೆ ಒತ್ತಿದ್ದೀರಿ ಎಂದು ನಂಬಿ, ಬಟ್ಟೆಯ ಗಂಟು ಕಟ್ಟಿಟ್ಟುಕೊಂಡು ಕಾದೆ.

ಭಾನುವಾರ ಬೆಳಗಿನಿಂದ ಅಣ್ಣ ಒಂಬತ್ತು ಸಲ ಫೋನ್ ಮಾಡಿದ್ದಾನೆ. ಅಮ್ಮ ನನ್ನನ್ನು ಕೇಳುತ್ತಿದ್ದಳಂತೆ. ಬಂದಳಾ, ಬಂದಳಾ ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಫೋನನ್ನು ಮಡಿಲಲ್ಲಿ ಇಟ್ಟುಕೊಂಡೇ ನಾನು ಅವರೆಕಾಳು ಆರಿಸುತ್ತಿದ್ದೆ, ಅದು ಒಂದು ಸಲವೂ ಸದ್ದು ಮಾಡಲಿಲ್ಲ. ಕೊನೆಗೆ ಅಣ್ಣ ಆಳನ್ನು ರೈಲು ಹತ್ತಿಸಿದ. ಆತ ಬಂದು ಹೇಳುವಷ್ಟರಲ್ಲಿ ಮಧ್ಯಾಹ್ನದ ನಮಾಜು ಮುಗಿದು ಅಮ್ಮನನ್ನು ಮಣ್ಣು ಮಾಡಿಯಾಗಿತ್ತು.

ಸಾವಿನ ಸುದ್ದಿ ನಿಮಗಿನ್ನೂ ಮುಟ್ಟಿರಲಿಲ್ಲ, ಒಪ್ಪುತ್ತೇನೆ. ಆದರೆ ಆ ಸಂಜೆ ನೀವು ಕಳುಹಿಸಿದ ಮಾತು ನೆನಪಿದೆಯೇ? "ಯಾವನೋ ಒಬ್ಬ ಇವತ್ತು ನಿನಗೆ ಒಂಬತ್ತು ಸಲ ಫೋನ್ ಮಾಡಿದ್ದಾನೆ, ಬೀಗ ಇದ್ದದ್ದಕ್ಕೆ ತಡೀತು. ಯಾರವನು?" ಬೆಳಗಿನಿಂದ ಒಂಬತ್ತು ಸಲವೂ ನಿಮ್ಮ ಫೋನಿನಲ್ಲಿ ಕಂಡಿದೆ, ಒತ್ತಲು ಒಂದು ಬೆರಳು ಸಾಕಿತ್ತು. ಆಮೇಲೆ ಫೋನಿನಲ್ಲಿ ಅತ್ತಿರಿ, ಮಿಷನ್ನಿನ ತಪ್ಪು ಎಂದಿರಿ. ಮಿಷನ್ನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಿಮ್ಮ ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಈಗ ಕೊಡುತ್ತಿದ್ದೇನೆ. ಅವನು ನನ್ನ ಅಣ್ಣ.

ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ಒಂದು ಮಾತೂ ಸುಳ್ಳಲ್ಲ. ಊಟ ಬಿಡಬೇಡಿ, ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ರಿಹಾಬ್ ಸಲಾಂ ಹೇಳಿದ್ದಾಳೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ತಹಾನಿ

ತಾ.ಕ.: ಅಯ್ಯಾದರು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಗುರುವಾರ ಅಮ್ಮನ ನಲವತ್ತನೆಯ ದಿನ. ನಾಳೆ ಬೆಳಗಿನ ರೈಲಿಗೆ ಮಕ್ಕಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೊರಟಿದ್ದೇನೆ. ನಲವತ್ತು ಮುಗಿದ ಮೇಲೂ ಅಲ್ಲಿಯೇ ಇರುತ್ತೇವೆ. ಕರೆಯಲು ಬರುವುದಾದರೆ ನೀವೇ ಬನ್ನಿ, ಎಲ್ಲರ ಎದುರಿಗೆ ನನ್ನ ಹೆಸರು ಹಿಡಿದು ಕೇಳಿ. ಮೂರೂ ಫೋನುಗಳನ್ನು ಚಾರ್ಜಿಗೆ ಹಾಕಿ ಇಲ್ಲೇ ಬಿಟ್ಟು ಹೋಗುತ್ತೇನೆ. ನಾವು ಎಲ್ಲಿದ್ದೇವೆಂದು ನೀವು ದಿನಾ ನೋಡುವ ಆ ನಕಾಶೆಯಲ್ಲಿ ಮೂವರೂ ಮನೆಯಲ್ಲೇ ಕಾಣುತ್ತೇವೆ. ನಂಬಬೇಡಿ.