ಗಂಡಾಳು ಇಲ್ಲದ ಮನೆಗೆ ನೀರಿಲ್ಲ

ಮಾನ್ಯ ಜಿಲ್ಲಾ ಆಡಳಿತಾಧಿಕಾರಿಗಳೇ,

ಕಾಲುವೆ ತೂಬಿನ ಬೀಗ ಒಡೆದಳೆಂದು ತಾವು ನಮ್ಮ ಕೋಕ್-ಬುಲಾಕ್ ಹಳ್ಳಿಯ ಬುರುಲ್ಕಾನಳ ಮೇಲೆ ದೂರು ಕೊಟ್ಟಿದ್ದೀರಿ. ಒಡೆದದ್ದು ನಿಜ. ಆ ಬೀಗ ಹಾಕಿಸಿದವರು ಯಾರು, ಏಕೆ ಎಂದು ಬರೆಯಲು ಮಾತ್ರ ತಮಗೆ ಪುರುಸೊತ್ತಾದಂತಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಹೊಸವರ್ಷದ ನೌರುಜ್ ಹಬ್ಬದ ವೇದಿಕೆಯಲ್ಲಿ ತಾವು, ರಷ್ಯಾದಿಂದ ಬರುವ ದುಡ್ಡಿನಿಂದ ನಮ್ಮ ಜಿಲ್ಲೆ ತಲೆಯೆತ್ತಿ ನಿಂತಿದೆ ಎಂದಿರಿ. ನಾವೂ ಚಪ್ಪಾಳೆ ತಟ್ಟಿದೆವು. ಮರುವಾರವೇ ತಮ್ಮ ಆದೇಶ ಬಂತು: ಕಾಲುವೆಯ ಹೂಳೆತ್ತಲು ಮನೆಗೊಬ್ಬ ಗಂಡಾಳು ಬರಬೇಕು, ಬಾರದ ಮನೆಗೆ ನೀರಿನ ಸರದಿಯಿಲ್ಲ. ದುಡ್ಡು ರಷ್ಯಾದಿಂದ ಬರುತ್ತದೆಂದು ಬಲ್ಲವರಿಗೆ, ದುಡಿಯುವ ಗಂಡಸೂ ಅಲ್ಲೇ ಇರುತ್ತಾನೆಂದು ಹೊಳೆಯಲಿಲ್ಲವೇ? ಅವನ ಸಂಪಾದನೆ ಜಿಲ್ಲೆಯದು, ಅವನಿಲ್ಲದ ಮನೆ ಮಾತ್ರ ಜಿಲ್ಲೆಯದಲ್ಲವೇ?

ನಾವು ಹೆಂಗಸರೇ ಗುದ್ದಲಿ ಹಿಡಿದು ಹೋದೆವು. ತಮ್ಮ ನೀರಾವರಿ ಮೇಲ್ವಿಚಾರಕರು ಜೀಪಿನಿಂದ ಇಳಿಯಲೂ ಇಲ್ಲ.

“ಗಂಡಸರೆಲ್ಲಿ?”

“ರಷ್ಯಾದಲ್ಲಿ ಗಾರೆ ಕಲಸ್ತಿದಾರೆ. ಹೂಳು ನಾವೇ ಎತ್ತೀವಿ ಬಿಡಿ,” ಎಂದಳು ಬುರುಲ್ಕಾನ್.

“ಆದೇಶದಲ್ಲಿ ಗಂಡಾಳು ಅಂತಿದೆ. ನೀವ್ ಹೋಗಿ ರೊಟ್ಟಿ ಸುಡ್ರಮ್ಮಾ.”

“ಎತ್ತಿದೋರಿಗೆ ಮೀಸೆ ಇತ್ತೋ ಇಲ್ವೋ ಅಂತ ಹೂಳು ಕೇಳುತ್ತಾ ಅಣ್ಣಾ?”

ನಾವು ನಕ್ಕೆವು. ಅವರು ನಗಲಿಲ್ಲ. ನಮ್ಮ ಪಾಲಿನ ಹೂಳನ್ನೆಲ್ಲ ಎತ್ತಿ ಮುಗಿಸಿದೆವು. ಆದರೂ ನಮ್ಮೂರಿನ ತೂಬಿಗೆ ಬೀಗ ಬಿತ್ತು. ನಾವು ಹಸನು ಮಾಡಿದ ಕಾಲುವೆಯಲ್ಲಿ ನೀರು ನಮ್ಮ ಕಣ್ಣೆದುರೇ ಪಕ್ಕದೂರಿಗೆ ಹರಿಯಿತು.

ನನ್ನ ಗಂಡ ಎರ್ಮೆಕ್ ಫೋನಿನಲ್ಲಿ, “ನಾನೇ ಬಂದ್ಬಿಡ್ಲಾ?” ಎಂದರು. ಬಂದರೆ ಅಲ್ಲಿನ ಮೇಸ್ತ್ರಿ ಅವರ ಜಾಗಕ್ಕೆ ಬೇರೊಬ್ಬನನ್ನು ಹಾಕುತ್ತಾನೆ. ಬೇಡವೆಂದೆ. ಅಷ್ಟರಲ್ಲಿ ನಮ್ಮ ಜರ್ದಾಳು ಮರಗಳು ನೀರಿಲ್ಲದೆ ಎಳೆಗಾಯಿ ಉದುರಿಸತೊಡಗಿದವು. ಬುರುಲ್ಕಾನ್ ಬೀಗ ಒಡೆದದ್ದು ಆಗ, ಹಾಡಹಗಲಲ್ಲಿ.

ಮರುದಿನ ಪೊಲೀಸರು ಅವಳನ್ನು ಜೀಪು ಹತ್ತಿಸಿದರು. ಅವಳ ಅತ್ತೆ ಕಲಿಮನ್ ಅಜ್ಜಿ ಸೊಸೆಯೊಡನೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರೂ ಹತ್ತಿ ಪಕ್ಕದಲ್ಲಿ ಕುಳಿತರು.

“ನೀನ್ಯಾಕಜ್ಜಿ? ಇಳಿ.”

“ಸುತ್ತಿಗೆ ಕೊಟ್ಟೋಳು ನಾನು. ಬರ್ಕೋ. ಹೆಸರು ತಪ್ಪಿಲ್ದೆ ಬರ್ಕೋ.”

ಸಂಜೆ ಇಬ್ಬರನ್ನೂ ಬಿಟ್ಟರು. ಊರೊಳಗೆ ನಡೆದು ಬರುವಾಗ ಅಜ್ಜಿ ಸೊಸೆಯ ಕೈ ಬಿಟ್ಟಿರಲಿಲ್ಲ. ಆದರೆ ತೂಬಿಗೆ ಆಗಲೇ ಹೊಸ ಬೀಗ ಬಿದ್ದಿತ್ತು. ಸೋಮವಾರ ಬುರುಲ್ಕಾನಳ ವಿಚಾರಣೆ.

ಮರಗಳಲ್ಲಿ ಇನ್ನೂ ಅರ್ಧದಷ್ಟು ಕಾಯಿ ಉಳಿದಿದೆ. ಅದು ಉದುರುವ ಮೊದಲು ತೂಬು ತೆರೆಸಿ, ದೂರು ಹಿಂಪಡೆಯಿರಿ. ಇಲ್ಲವಾದರೆ ಸೋಮವಾರ ನ್ಯಾಯಾಲಯದಲ್ಲಿ ಬುರುಲ್ಕಾನ್ ಒಬ್ಬಳೇ ನಿಂತಿರುವುದಿಲ್ಲ. ಬೀಗ ಒಡೆದವಳು ಅವಳೊಬ್ಬಳೇ ಇರಬಹುದು. ಆದರೆ ತುಕ್ಕು ಹಿಡಿದ ಆ ತೂಬಿನ ಬಾಗಿಲು ಒಬ್ಬರಿಂದ ಮೇಲೇಳುವಂಥದ್ದಲ್ಲ. ಅದನ್ನೆತ್ತಿದ ಕೈಗಳಲ್ಲಿ ನನ್ನವೂ ಇದ್ದವು.

ಇಂತಿ,
ಇವತ್ತಿನ ಮಟ್ಟಿಗೆ ಸರ್ಕಾರಿ ಶಾಲೆಯ ಶಿಕ್ಷಕಿಯಾಗಿರುವ
ಗುಲ್ಸುನ್