ಗೋಡೆಗೆ ಬಿದ್ದ ಶೂ

ಅಕ್ಟೋಬರ್ 14, ಮಂಗಳವಾರ

ಥೂ, ನನ್ನ ಮೇಲೆ ನನಗೇ ಹೇಸಿಗೆ. ರಿಲೇ ತಂಡದ ಆಯ್ಕೆಗೆಂದು ಕೋಚ್ ಕೊಟ್ಟ ಗುಣಪರೀಕ್ಷೆಯಲ್ಲಿ ‘ಸೋತರೆ ಸಿಟ್ಟು ಬರುತ್ತದೆಯೇ?’ ಎಂದಿತ್ತು. ಗೆಳತಿ ‘ಹೌದು’ ಎಂದು ಬರೆದಳು, ನಾನು ‘ಇಲ್ಲ’ ಎಂದು. ಇವತ್ತು ಕೋಚ್ ನನ್ನತ್ತ ಬೆರಳು ತೋರಿಸಿ ಎಲ್ಲರೆದುರು ಫಲಿತಾಂಶ ಓದಿದರು: “ಇವಳದ್ದು ಸತ್ವಗುಣ, ತಂಡಕ್ಕೆ ಇಂಥೋರೇ ಬೇಕು. ಅವಳದ್ದು ಬರೀ ರಜಸ್ಸು, ಗೆಲ್ಲೋ ಹುಚ್ಚು. ಅವಳು ಬೇಡ.” ನಾನು ತಲೆ ತಗ್ಗಿಸಿ ನಕ್ಕೆ, ಅದೂ ಸಾತ್ವಿಕವಾಗಿ.

ಹೋದ ತಿಂಗಳು ಸೋತಾಗ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಶೂ ಬೀಸಿ ಒಗೆದವಳು ನಾನು. ಕೋಚ್ ರೇಗಿದಾಗ “ನಾನೇ ಸರ್” ಎಂದು ಬೈಸಿಕೊಂಡವಳು ಅವಳು.

ಹೊರಡುವಾಗ ಇಷ್ಟೇ ಅಂದಳು: “ಇನ್ಮೇಲೆ ಶೂ ಎಸೆದ್ರೆ ಒಪ್ಕೊಳ್ಳೋಕೆ ನಾನಿರಲ್ಲ ಕಣೇ, ಹುಷಾರು.”

ನಾಳೆ ಕೋಚ್‌ಗೆ ನಿಜ ಹೇಳುತ್ತೇನೆ ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ಈ ಡೈರಿಯಲ್ಲಿಯೂ ಸುಳ್ಳು ಬರೆಯಲೇ?