ನನ್ನ ಹೊಟ್ಟೆ, ಊರಿನ ಮುಹೂರ್ತ

ಗಾಳಿಶಕ ಇನ್ನೂರ ಹನ್ನೊಂದು, ನಡು ಆಷಾಢದ ಮೂವತ್ತನಾಲ್ಕು
ಗಾಳಿಕೇರಿ, ಕಪ್ಪತಗುಡ್ಡ

ಹಿರಿಯವ್ವಾ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಅಜ್ಜಿಯ ಅಜ್ಜಿಗೆ ನೀವು ಅಜ್ಜಿಯೋ ಮುತ್ತಜ್ಜಿಯೋ ಆಗಬೇಕು. ಹಿಂದಂಚೆ ಕಚೇರಿಯವರು ಇಷ್ಟನ್ನು ಮಾತ್ರ ಹುಡುಕಿ ಕೊಟ್ಟರು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ತಡವಾಗಿ ಬರುವುದೇ ರೂಢಿಯಾದ ಮೇಲೆ ನಮ್ಮ ಹಿರಿಯರು ಆಷಾಢಕ್ಕೂ ಶ್ರಾವಣಕ್ಕೂ ನಡುವೆ ಇನ್ನೊಂದು ತಿಂಗಳನ್ನು ತುರುಕಿ ಅದಕ್ಕೆ ನಲವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತದ್ದು. ಸಿಟ್ಟು ಮಾತ್ರ ಮನೆಯಲ್ಲೇ ಕಲಿತದ್ದು, ಅದರಲ್ಲಿ ತಪ್ಪಿರಲಾರದು.

ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಹಾಕುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ, ಅದೂ ಮನೆಮಾತು ಮಾತ್ರ. ಯಾರು ಗೆದ್ದರು, ಯಾವ ಊರು ಮುಳುಗಿತು ಎಂದೆಲ್ಲ ಬರೆದರೆ ಕಚೇರಿಯಲ್ಲೇ ಹರಿದು ಹಾಕುತ್ತಾರೆ. ನನ್ನ ಗಂಡ ಮಲ್ಲೇಶಿ ತನ್ನ ಪಾಲಿನ ಕಾಗದವನ್ನು ಹೋದ ವರ್ಷ ಯಾವುದೋ ಮುತ್ತಾತನಿಗೆ ಬರೆದು, ಹಿತ್ತಲಿನ ಬಾವಿ ಮುಚ್ಚಬೇಡಿ ಎಂದು ಕೇಳಿಕೊಂಡ. ಬಾವಿ ಇವತ್ತಿಗೂ ಮುಚ್ಚಿಯೇ ಇದೆ. ಹಾಗಾಗಿ ಈ ಕಾಗದದಿಂದ ಏನಾದರೂ ಆದೀತೆಂಬ ಭ್ರಮೆ ನನಗಿಲ್ಲ. ಆದರೂ ನಿಮಗೇ ಬರೆಯುತ್ತಿದ್ದೇನೆ. ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವುದಕ್ಕೆ ಪಂಚಾಂಗ ನೋಡುವ ಪದ್ಧತಿ ನಿಮ್ಮ ಕಾಲದ್ದೆಂದು ಓದಿದ್ದೇನೆ. ಅದನ್ನು ಅಲ್ಲೇ ಬಿಟ್ಟು ಹೋಗಬಾರದಿತ್ತೇ ನೀವು?

ನೀವು ಸಿಜೇರಿಯನ್ ಎನ್ನುತ್ತಿದ್ದಿರಿ. ನಾವು ತೆರೆಹೆರಿಗೆ ಎನ್ನುತ್ತೇವೆ. ನನ್ನ ಅತ್ತೆ ಸಂಗವ್ವನವರು ಮಾತ್ರ ಈಗಲೂ 'ಕೊಯ್ಸೋದು' ಎನ್ನುತ್ತಾರೆ, ಅದನ್ನೂ ಕುಂಬಳಕಾಯಿಯ ಸುದ್ದಿ ಹೇಳಿದ ಹಾಗೆ. ಅವರು ಕೆಟ್ಟವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ತಾಳ್ಮೆ ಉಳಿದಿರುತ್ತದೋ ಇಲ್ಲವೋ. ನಾವಿರುವ ಗಾಳಿಕೇರಿ ಗುಡ್ಡದ ನೆತ್ತಿಯ ಮೇಲಿದೆ. ನೀವು ನಿಲ್ಲಿಸಿದ ಗಾಳಿಕಂಬಗಳ ಬುಡದಲ್ಲೇ ಮನೆಗಳು. ಹಗಲೆಲ್ಲ ರೆಕ್ಕೆಗಳ ಗುಂಯ್ ಎನ್ನುವ ಸದ್ದು, ಅಂಗಳದಲ್ಲಿ ಮಂಜು ಹಿಡಿದು ನೀರಿಳಿಸುವ ಬಲೆಗಳು. ಮಲ್ಲೇಶಿಗೆ ಆ ರೆಕ್ಕೆಗಳನ್ನು ರಿಪೇರಿ ಮಾಡುವ ಕೆಲಸ. ರೊಟ್ಟಿ ಬಡಿಯುವುದು ಈಗಲೂ ಕೈಯಲ್ಲೇ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದನ್ನು ನಿಲ್ಲಿಸಿದ್ದಾರೆ. ಅದರ ಬದಲು ಕಾವುಹಾಸು ಎಂಬ ಬೆಚ್ಚನೆಯ ಹಾಸಿಗೆ ಬಂದಿದೆ. ಹೊಗೆ ಇಲ್ಲದ ಕಾವಿಗೆ ಗುಣವಿಲ್ಲವೆಂದು ಅತ್ತೆ ಲೋಬಾನದ ವಾಸನೆಯ ಡಬ್ಬಿ ತಂದು ಪಕ್ಕದಲ್ಲಿಡುತ್ತಾರೆ. ಇಂಥವಕ್ಕೆಲ್ಲ ನಾನು ಎಂದೂ ಎದುರು ಮಾತಾಡಿದವಳಲ್ಲ.

ನನ್ನ ಮೊದಲ ಮಗಳು ಶಾಂಭವಿ ಹುಟ್ಟುವಾಗ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಬ್ಯಾನಿ ತಿಂದೆ. ಬ್ಯಾನಿ ಎಂದರೆ ಹೆರಿಗೆ ನೋವು. ಈ ಮಾತು ನಿಮಗೂ ಗೊತ್ತಿರಬೇಕು. ಕೊನೆಗೆ ಒಮ್ಮೆಲೇ ಎಲ್ಲರೂ ಓಡಾಡತೊಡಗಿದರು. ಯಾರೋ ನನ್ನ ಮಂಚವನ್ನು ತಳ್ಳುತ್ತಿದ್ದರು, ಯಾರೋ ಮುಖದ ಮೇಲೆ ಏನೋ ಇಟ್ಟರು. ಯಾಕೆ, ಏನು ಎಂದು ಹೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ನನಗೆ ಎಚ್ಚರವಾದಾಗ ಮಗಳು ಬೇರೆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಳು. ಹುಟ್ಟಿದಾಗ ನೀಲಿಯಾಗಿದ್ದಳಂತೆ. ಅವಳ ಮೊದಲ ಅಳುವನ್ನು ನಾನು ಕೇಳಲೇ ಇಲ್ಲ. ಮನೆಗೆ ಬಂದ ಮೇಲೆ ಅತ್ತೆ ಬಾಣಂತಿಗೆ ಕೊಡುವ ಅಳವಿ ಪಾಯಸದ ಬಟ್ಟಲನ್ನು ಕೈಗಿಡುತ್ತ, "ಇನ್ನೊಂದ್ ತಾಸು ತಡದಿದ್ರ ತಾನ ಆಗ್ತಿತ್ತವಾ," ಎಂದರು. ಆ ಪಾಯಸವನ್ನು ಹೇಗೆ ನುಂಗಿದೆನೋ ಶಿವನೇ ಬಲ್ಲ.

ಎರಡನೆಯ ಸಲ ಬಸುರಾದಾಗ ನಾನು ಗಟ್ಟಿ ಮನಸ್ಸು ಮಾಡಿದೆ. ಈ ಸಲ ತೆರೆಹೆರಿಗೆಯೇ ಆಗಲಿ, ಮೊದಲೇ ನಿಶ್ಚಯ ಮಾಡಿದ ದಿನ ಆಗಲಿ, ನಾನು ಎಚ್ಚರವಿರಬೇಕು, ಕೂಸು ಅಳುವುದು ಕೇಳಬೇಕು. ಡಾಕ್ಟರ್ ಜುಲೇಖಾ ನನ್ನ ಹಳೆಯ ಗಾಯ, ಹೊಸ ಬಸಿರು ಎಲ್ಲ ನೋಡಿದರು. ಎರಡೂ ದಾರಿಯ ಅಪಾಯಗಳನ್ನು ಬಿಡಿಸಿ ಹೇಳಿ, ಆಯ್ಕೆ ನಿನ್ನದು ಎಂದರು. ನಾನು ಆರಿಸಿದೆ. ಇಷ್ಟು ಸರಳವಾದ ಸಂಗತಿ ಇದು, ಹಿರಿಯವ್ವಾ. ಆದರೆ ಕುಬಸದ, ಅಂದರೆ ಸೀಮಂತದ, ದಿನ ಹಸಿರು ಬಳೆ ಇಡಿಸಿಕೊಂಡು ಮಣೆಯ ಮೇಲೆ ಕೂತಿದ್ದಾಗ ಸುದ್ದಿ ಹೊರಬಿತ್ತು. ಆಗಿನಿಂದ ನಮ್ಮ ಕೇರಿಯಲ್ಲಿ ಪ್ರತಿಯೊಬ್ಬಳೂ ಡಾಕ್ಟರೇ. ಒಬ್ಬಳು ಎದೆಹಾಲು ಇಳಿಯುವುದಿಲ್ಲ ಎಂದಳು. ಇನ್ನೊಬ್ಬಳು ಜನ್ಮವಿಡೀ ಸೊಂಟ ಹಿಡಿಯುತ್ತದೆ ಎಂದಳು. ಅತ್ತೆ ಎಲ್ಲರೆದುರೇ, "ನಮ್ಮತ್ತಿ ಹೊಲದಾಗ ಹಡದು ಕೂಸಿನ್ನ ಕಟ್ಕೊಂಡು ಮನಿಗ್ ನಡಕೊಂತ ಬಂದಾಕಿ. ಈಗಿನವ್ರಿಗೆ ಬ್ಯಾನಿ ತಿನ್ನಾಕ ಮೈ ಬಗ್ಗೂದಿಲ್ಲ," ಎಂದರು. ನಮ್ಮಲ್ಲಿ ಹೊಲ ಎಂಬುದು ಹೋಗಿ ಮೂರು ತಲೆಮಾರಾಯಿತು. ಬೆಳೆಯೆಲ್ಲ ಕೊಟ್ಟಿಗೆಯ ಗೂಡುಗಳಲ್ಲಿ ಬೆಳೆಯುತ್ತದೆ. ಯಾವ ಹೊಲ, ಯಾವ ಹೆರಿಗೆ ಎಂದು ಕೇಳಬೇಕೆನಿಸಿತು. ಮಡಿಲಲ್ಲಿ ಅಕ್ಕಿ, ಕೊಬ್ಬರಿ ಇದ್ದುದರಿಂದ ಸುಮ್ಮನಾದೆ.

ನನ್ನ ತಾಯಿಯಾದರೂ ನನ್ನ ಕಡೆ ನಿಂತಾಳು ಎಂದುಕೊಂಡಿದ್ದೆ. ಅವಳು ಮೆಲ್ಲಗೆ ಕಿವಿಯಲ್ಲಿ, "ಡಾಕ್ಟರ್ ಜುಲುಮಿ ಮಾಡ್ಯಾರ ಅಂತ ಹೇಳಿಬಿಡವಾ, ಬಾಯಿ ಮುಚ್ತಾರ," ಎಂದು ಉಪಾಯ ಹೇಳಿಕೊಟ್ಟಳು. ಅಂದರೆ ಡಾಕ್ಟರ್ ಬೇಕೆಂದರೆ ಸರಿ, ನಾನೇ ಬೇಕೆಂದರೆ ತಪ್ಪು.

ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಸಹಿಸುತ್ತಿದ್ದೆ. ಆದರೆ ನಮ್ಮಲ್ಲಿ ಜೋಡಿ ಹೆಬ್ಬೆಟ್ಟು ಎಂಬ ಕಾಯ್ದೆಯಿದೆ. ಮೊದಲೇ ನಿಶ್ಚಯಿಸಿದ ತೆರೆಹೆರಿಗೆಗೆ ತಾಯಿಯ ಹೆಬ್ಬೆಟ್ಟಿನ ಜೊತೆ ಆ ಮನೆಯ ಹಿರಿಯರೊಬ್ಬರ ಹೆಬ್ಬೆಟ್ಟೂ ಬೀಳಬೇಕು. ಯಾವ ಕಾಲದಲ್ಲೋ ಹೆಣ್ಣುಮಕ್ಕಳನ್ನು ಸರಿಯಾಗಿ ಕೇಳದೆ ಕೊಯ್ಯುತ್ತಿದ್ದರೆಂದು ಅವರ ಕಾವಲಿಗೇ ಮಾಡಿದ ಕಾಯ್ದೆಯಂತೆ. ಜೀವ ಹೋಗುವ ಹೊತ್ತಿನಲ್ಲಿ ಓಡಿಸಿಕೊಂಡು ಹೋಗಿ ಕೊಯ್ಯಲು ಯಾರ ಹೆಬ್ಬೆಟ್ಟೂ ಬೇಡ. ತಣ್ಣಗೆ ಕೂತು ಯೋಚನೆ ಮಾಡಿ ಕೇಳಿದವಳಿಗೆ ಎರಡು ಬೇಕು. ನಮ್ಮ ಮನೆಯ ಹಿರಿಯರೆಂದರೆ ಅತ್ತೆ. ಮಲ್ಲೇಶಿಯ ಹೆಬ್ಬೆಟ್ಟು ನಡೆಯುವುದಿಲ್ಲ; ನಡೆಯುವಂತಿದ್ದರೂ ಅವನು ಅವ್ವನನ್ನು ಕೇಳಿ ಬರುತ್ತಿದ್ದ. ಗಾಳಿ ಯಾವ ಕಡೆ ತಿರುಗಿಸಿದರೆ ಆ ಕಡೆ ಮುಖ ಮಾಡುವುದರಲ್ಲಿ ಅವನು ರಿಪೇರಿ ಮಾಡುವ ಯಂತ್ರಕ್ಕೂ ಅವನಿಗೂ ಒಂದೇ ಗುಣ.

ಒಂಬತ್ತನೆಯ ತಿಂಗಳು ಹಿಡಿಯುವ ಹೊತ್ತಿಗೆ ಅತ್ತೆ ಇದ್ದಕ್ಕಿದ್ದಂತೆ ಬದಲಾದರು. ಬೆಳಿಗ್ಗೆ ನಗುನಗುತ್ತ ಬಂದು, "ಆತವಾ, ಕೊಯ್ಸ್ಕೊಳ್ಳೂದಾ ಆದ್ರ ಚಲೋ ದಿನಾ ನೋಡಿ ಕೊಯ್ಸ್ಕೋ," ಎಂದರು. ಪಂಚಾಂಗದ ಪಡಸಾಲೆಗೆ ಹೋಗಿ ಪುಷ್ಯ ನಕ್ಷತ್ರದ ದಿನವೊಂದನ್ನು ಬರೆಸಿಕೊಂಡೂ ಬಂದಿದ್ದರು. ಆ ಪಡಸಾಲೆಯಲ್ಲಿ ಗ್ರಹಗತಿ ಲೆಕ್ಕ ಹಾಕುವ ಪೆಟ್ಟಿಗೆಯೊಂದಿದೆ, ಅದು ಹೇಳಿದ್ದನ್ನು ಈರಯ್ಯನವರು ಜನರಿಗೆ ಓದಿ ಹೇಳುತ್ತಾರೆ. ಅವತ್ತು ಹುಟ್ಟಿದ ಕೂಸು ಹತ್ತು ಊರು ಆಳುತ್ತದಂತೆ. ಡಾಕ್ಟರ್ ಹೇಳಿದ ದಿನ ಬೇಡವೇ ಬೇಡ, ಅವತ್ತು ಚಂದ್ರ ಎಂಟನೆಯ ಮನೆಯಲ್ಲಿರುತ್ತಾನೆ ಎಂದರು. ಹಿರಿಯವ್ವಾ, ನನ್ನ ಮೈದುನ ಚಂದ್ರನ ಮೇಲೆ ಗಣಿಯಲ್ಲಿ ಕೆಲಸ ಮಾಡುತ್ತಾನೆ. ತಿಂಗಳಿಗೊಮ್ಮೆ ಅಲ್ಲಿಂದ ಮಾತಾಡಿ, ಧೂಳಿಗೆ ಕೆಮ್ಮು ಬಂದಿದೆ, ಅಂಟಿನ ಉಂಡಿ ಕಳಿಸಿ ಎನ್ನುತ್ತಾನೆ. ಅತ್ತೆಯೇ ಉಂಡಿ ಕಟ್ಟಿ ಕಳಿಸುತ್ತಾರೆ. ಮಗ ನಿಂತಿರುವ ಚಂದ್ರ ಸೊಸೆಯ ಹೊಟ್ಟೆಗೆ ಮಾತ್ರ ಯಾಕೆ ಗಂಟು ಬೀಳಬೇಕೋ ನನಗೆ ತಿಳಿಯಲಿಲ್ಲ.

ನಗುವ ಸಂಗತಿಯಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಅತ್ತೆಯ ದಿನ ಡಾಕ್ಟರ್ ಹೇಳಿದ ದಿನಕ್ಕಿಂತ ಎರಡು ವಾರಕ್ಕೂ ಮುಂಚೆ ಇತ್ತು. ನಮ್ಮಲ್ಲಿ ತುಂಬು ಬಸುರಿಯರು ಹೊಟ್ಟೆಗೆ ಉಸಿರುಪಟ್ಟಿ ಕಟ್ಟಿಕೊಳ್ಳುತ್ತೇವೆ. ಅದರಲ್ಲಿ ಕಾಳಿನಷ್ಟು ದೀಪವೊಂದಿರುತ್ತದೆ. ಒಳಗಿನ ಕೂಸಿನ ಶ್ವಾಸಕೋಶ ಬಲಿಯುವವರೆಗೆ ಹಳದಿ, ಬಲಿತ ಮೇಲೆ ಹಸಿರು. ನನ್ನ ದೀಪ ಹಳದಿ ಇತ್ತು. ಡಾಕ್ಟರ್ ಜುಲೇಖಾ ಸ್ವತಃ ಮನೆಗೆ ಬಂದು, ಹಳದಿ ಇರುವಾಗ ತೆಗೆದರೆ ಮಗು ಉಸಿರಿಗೆ ಒದ್ದಾಡೀತು ಎಂದು ಅತ್ತೆಗೆ ತಿಳಿಹೇಳಿದರು. ಅತ್ತೆ ಚಹಾ ಕೊಟ್ಟು, ಎಲ್ಲದಕ್ಕೂ ಹೂಂಗುಟ್ಟಿ, ಅವರು ಹೊಸ್ತಿಲು ದಾಟಿದ ಮೇಲೆ, "ಪುಷ್ಯಕ್ಕಾದ್ರ ಹೆಬ್ಬೆಟ್ಟು ಒತ್ತತೀನಿ. ಇಲ್ಲಂದ್ರ ಎಲ್ಲಾರ್ಹಂಗ ಬ್ಯಾನಿ ತಿಂದು ಹಡಿ," ಎಂದರು. ಹಳದಿ ದೀಪದ ಕೂಸಾದರೂ ಸರಿ, ಇಲ್ಲವೇ ಶಾಂಭವಿಯ ಸಲದ ಹಾಗೆಯೇ ಮತ್ತೊಮ್ಮೆ. ನನ್ನ ಮುಂದೆ ಇದ್ದದ್ದು ಇವೆರಡೇ. ಕಾಯ್ದೆಯ ಮಂಡಳಿಗೆ ದೂರು ಕೊಡಬಹುದಿತ್ತು, ಅವರು ಕೂಡಿ ತೀರ್ಮಾನ ಹೇಳುವಷ್ಟರಲ್ಲಿ ಕೂಸು ಶಾಲೆಗೆ ಹೋಗುತ್ತಿತ್ತು.

ಕೊನೆಗೆ ನಾನೇ ಪಡಸಾಲೆಗೆ ಹೋದೆ. ಹೊಟ್ಟೆ ಹೊತ್ತುಕೊಂಡು ಗುಡ್ಡದ ಮೆಟ್ಟಿಲಿಳಿಯುವಾಗ ನನಗೆ ಭಕ್ತಿಯೇನೂ ಇರಲಿಲ್ಲ, ಹಲ್ಲು ಕಡಿಯುತ್ತಿದ್ದೆ. ಜಗಳಕ್ಕೆಂದೇ ಹೋಗಿದ್ದೆ. ಸೆರಗು ಸರಿಸಿ ಉಸಿರುಪಟ್ಟಿಯನ್ನು ಈರಯ್ಯನವರ ಮುಂದೆ ಹಿಡಿದು, ಇದರ ಅರ್ಥ ಇದು, ನೀವು ಕೊಟ್ಟ ದಿನ ಇದು ಹಳದಿಯೇ ಇರುತ್ತದೆ ಎಂದೆ. ಮುದುಕರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಸಂಗವ್ವ ಇದನ್ನ ಹೇಳಲಾ ಇಲ್ಲ ನೋಡವಾ," ಎಂದರು. "ಚಲೋ ದಿನಾ ಕೇಳಿದ್ಲು, ಕೊಟ್ಟೆ. ಕೂಸು ಉಸಿರಾಡಲಿಲ್ಲಂದ್ರ ನಾ ಜಾತಕ ಯಾರಿಗೆ ಬರೀಲಿ?" ಆಮೇಲೆ ಡಾಕ್ಟರ್ ಹೇಳಿದ ದಿನ ಯಾವುದೆಂದು ಕೇಳಿ, ಪೆಟ್ಟಿಗೆಯ ಕಿವಿ ತಿರುವಿ ತಿರುವಿ, ಅವತ್ತು ಬೆಳಿಗ್ಗೆ ಚಂದ್ರನ ದೋಷ ತಟ್ಟದ ಒಂದು ಗಳಿಗೆಯನ್ನು ಹುಡುಕಿ ತೆಗೆದರು. ಹುಡುಕಿದರೆ ಎಲ್ಲ ದಿನವೂ ಸಿಗುತ್ತದೆ ಎಂದು ಅವರೇ ಹೇಳಿದರು. ಕೃತಜ್ಞತೆಗಿಂತ ಹೆಚ್ಚಾಗಿ ನನಗೆ ಅಳು ಬಂತು. ಡಾಕ್ಟರ್ ಹೇಳಿದ್ದು ಸಾಲಲಿಲ್ಲ, ದೀಪ ತೋರಿಸಿದ್ದು ಸಾಲಲಿಲ್ಲ, ಹೊತ್ತವಳು ಹೇಳಿದ್ದಂತೂ ಮೊದಲೇ ಸಾಲಲಿಲ್ಲ. ಈರಯ್ಯನವರ ಚೀಟಿ ಕಂಡೊಡನೆ ಅತ್ತೆ ಮರುಮಾತಿಲ್ಲದೆ ಹೆಬ್ಬೆಟ್ಟು ಒತ್ತಿದರು.

ಆ ದಿನ ದೀಪ ಹಸಿರಾಗಿತ್ತು. ನಾನು ತಲೆ ಬಾಚಿಕೊಂಡು, ನನ್ನ ಕಾಲ ಮೇಲೆ ನಡೆದುಕೊಂಡು ಒಳಗೆ ಹೋದೆ. ಡಾಕ್ಟರ್ ಜುಲೇಖಾ ತಾವು ಏನೇನು ಮಾಡುತ್ತಿದ್ದೇವೆಂದು ಒಂದೊಂದಾಗಿ ಹೇಳುತ್ತಿದ್ದರು. ನೋವಿರಲಿಲ್ಲ, ಯಾರೋ ಒಳಗಿನಿಂದ ಪೆಟ್ಟಿಗೆ ಎಳೆದಾಡಿದಂತೆ ಅನಿಸಿತು. ಆಮೇಲೆ ಮಗ ಅತ್ತ. ಅದನ್ನು ಕೇಳಿದೆ, ಹಿರಿಯವ್ವಾ. ಪೂರ್ತಿ ಕೇಳಿದೆ. ಸುಲಭದ ದಾರಿ ಹಿಡಿದಳು ಎಂದವರಿಗೆ ಇದನ್ನೂ ಹೇಳಬೇಕು: ಮರುದಿನದಿಂದ ಕೆಮ್ಮಿದರೆ ಪ್ರಾಣ ಹೋಗಿ ಬರುತ್ತಿತ್ತು, ಮಗ್ಗುಲಾಗಲು ಮಂಚದ ಕಂಬಿ ಹಿಡಿಯಬೇಕಿತ್ತು, ಹಾಲಿಳಿಯಲು ತಡವಾಗಿ ಮಗುವಿನ ಜೊತೆ ನಾನೂ ಅಳುತ್ತಿದ್ದೆ. ಅದು ನಾನೇ ಕೇಳಿ ಪಡೆದ ನೋವು, ಅದರ ಮೇಲೆ ನನಗೆ ದೂರಿಲ್ಲ.

ದೂರಿರುವುದು ತೊಟ್ಟಿಲಿಗೆ ಹಾಕಿದ ದಿನದ ಬಗ್ಗೆ. ಕೇರಿಯ ಹೆಂಗಸರೆಲ್ಲ ಸೇರಿ, ಕೂಸು ಎಷ್ಟು ಗಟ್ಟಿಮುಟ್ಟಾಗಿದೆ ಎಂದು ಹೊಗಳುತ್ತಿದ್ದರು. ಅತ್ತೆ ತೊಟ್ಟಿಲ ಹಗ್ಗ ಹಿಡಿದು, "ಅಯ್ಯಾರು ತಗದ ದಿನಾ ಅಂದ್ರ ಸುಮ್ನಲ್ರವಾ, ನಾನಾ ಹೋಗಿ ತಗಿಸ್ಕೊಂಡು ಬಂದೀನಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಎಲ್ಲರೂ ಹೌದೌದು ಎಂದರು. ಕುಬಸದ ದಿನ ಎದೆಹಾಲು ಇಳಿಯುವುದಿಲ್ಲ ಎಂದವಳೂ ಹೌದೆಂದಳು, ನನ್ನ ತಾಯಿಯೂ ಹೌದೆಂದಳು. ಮಲ್ಲೇಶಿ ಪೇಡೆ ಹಂಚುತ್ತಿದ್ದ. ಕೂಸು ಹುಟ್ಟುವವರೆಗೆ ಅದು ನನ್ನ ಹಟ, ನನ್ನ ಸೋಮಾರಿತನ, ನನ್ನ ತಪ್ಪು. ಹುಟ್ಟಿದ ಮೇಲೆ ನಕ್ಷತ್ರದ್ದು, ಅಯ್ಯನವರದು, ಅತ್ತೆಯದು. ನಡುವೆ ನಾನು ಎಂಬುವಳು ಒಬ್ಬಳಿದ್ದೆನೋ ಇಲ್ಲವೋ.

ನಾನು ಎದ್ದು ನಿಂತೆ. ಅಷ್ಟು ಜನರ ನಡುವೆ ಎದ್ದು ನಿಂತು, "ದಿನಾ ತಗದಾಕಿ ನಾನು. ಅಯ್ಯಾರಲ್ಲ, ಯಾರೂ ಅಲ್ಲ. ಮೊದಲ್ನೇದಕ್ಕ ಸಾಯಾಕ ಬಿದ್ದಾಕಿ ನಾನು, ಇದನ್ನ ಯಾಕ್ ಹಿಂಗ್ ಹಡದೆ ಅಂದ್ರ—" ಎಂದೆ. ಜೋಗುಳದ ಹಾಡು ನಿಂತಿತು. ಅತ್ತೆ ಹಗ್ಗ ಬಿಟ್ಟು ಬಂದು ನನ್ನ ತೋಳು ಹಿಡಿದರು. ಅವರ ಕಣ್ಣಲ್ಲಿ ನಿಜವಾದ ಕಳವಳವಿತ್ತು, ಸುಳ್ಳು ಹೇಳಲಾರೆ. "ಹೌದವಾ, ನೀನಾ ತಗದಿ. ಕೂತ್ಕೋ ಈಗ, ಹೊಲಿಗಿ ಬಿಚ್ಚೀತು," ಎಂದರು. ಹೊಲಿಗೆ ಹಾಕುವುದು ನಿಂತು ಎಪ್ಪತ್ತು ವರ್ಷವಾಯಿತು. ನಮ್ಮಲ್ಲಿ ಗಾಯವನ್ನು ಮೇಣದಲ್ಲಿ ಕೂಡಿಸುತ್ತಾರೆ, ಅದು ಬಿಚ್ಚುವುದಿಲ್ಲ. ಆದರೆ ಅಷ್ಟರಲ್ಲಿ ನಾಲ್ಕು ಕೈಗಳು ಸೇರಿ ನನ್ನನ್ನು ಮಣೆಯ ಮೇಲೆ ಕೂರಿಸಿಬಿಟ್ಟಿದ್ದವು, ಯಾರೋ ಬಾಯಿಗೆ ಪೇಡೆ ಇಟ್ಟರು, ಹಾಡು ಮತ್ತೆ ಶುರುವಾಯಿತು.

ಅದಕ್ಕೇ ನನ್ನ ಪಾಲಿನ ಒಂದೇ ಕಾಗದವನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ. ಪಂಚಾಂಗ ಸುಡಿ ಎಂದು ಹೇಳಲಾರೆ, ಹೇಳಿದರೂ ನೀವು ಸುಡುವವರಲ್ಲ. ಕೇಳುವುದು ಇಷ್ಟೇ. ನಿಮ್ಮ ಕಾಲದಲ್ಲೂ ಒಬ್ಬಳು ಇರುತ್ತಾಳೆ. ಮಗಳೋ, ಸೊಸೆಯೋ, ಪಕ್ಕದ ಮನೆಯವಳೋ. ತಾನು ಹೀಗೆಯೇ ಹಡೆಯಬೇಕೆಂದು ಯಾಕೆ ಆರಿಸಿದೆ ಎಂದು ಹೇಳಲು ಅವಳು ಎದ್ದು ನಿಲ್ಲುತ್ತಾಳೆ. ಅವಳ ಮೇಲೆ ನಿಮಗೆ ಪ್ರೀತಿ ಇದ್ದೇ ಇರುತ್ತದೆ, ಕೈ ತಾನಾಗಿ ಅವಳ ತೋಳಿಗೆ ಹೋಗುತ್ತದೆ. ಹಿರಿಯವ್ವಾ, ಅವಳು ಹೇಳಿ ಮುಗಿಸುವವರೆಗೆ ಅವಳನ್ನು ಕೂರಿಸಬೇಡಿ.

ಇಂತಿ ನಿಮ್ಮ ವಂಶದವಳು,
ದಾಕ್ಷಾಯಣಿ